ಬಿಜಾಪುರಕ್ಕೆ ಮದುವೆಯ ಸಂತಿಗೆ ಹೊರಟಿದ್ದೀರಾ?

ಮನೆಯಲ್ಲಿ ಮದುವೆ ಗಟ್ಟಿಯಾಯಿತೆಂದರೆ ನಮ್ಮ ಹೂವಿನ ಹಿಪ್ಪರಗಿ ಸೀಮೆಯಲ್ಲಿ ಎರಡನೆಯ ಮಾತೇ “ಸಂತಿ ಎಲ್ಲಿ ಮಾಡೂದು?” ಎಂಬುದು. ಸಂತಿ ಎಂದರೆ ವಾರದ ಸಂತೆಯಷ್ಟೇ ಅಲ್ಲ. ಬಟ್ಟೆಬರೆ, ಬಂಗಾರ, ಭಾಂಡೆ, ಹಾಸಿಗೆ, ಕೊನೆಗೆ ಬಿರಿಯಾನಿಯ ಮಸಾಲೆಯವರೆಗೆ ಎಲ್ಲವನ್ನೂ ಕೊಂಡು ತರುವ ಕೆಲಸಕ್ಕೆ ನಾವು ಸಂತಿ ಅನ್ನುತ್ತೇವೆ. 2008ರವರೆಗೆ ಹೂವಿನ ಹಿಪ್ಪರಗಿ ಎಂಬ ಹೆಸರಿನ ವಿಧಾನಸಭಾ ಕ್ಷೇತ್ರವೇ ಇತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಹೀಗೆ ನಾಲ್ಕು ತಾಲೂಕುಗಳ ಹಳ್ಳಿಗಳು ಅದರಲ್ಲಿ ಸೇರಿದ್ದವು. ಕ್ಷೇತ್ರದ ಹೆಸರು ಹೋಯಿತು, ದೇವರ ಹಿಪ್ಪರಗಿ ಎಂದಾಯಿತು. ಆದರೆ ಸಂತಿಯ ದಾರಿಗಳು ಹಾಗೆಯೇ ಉಳಿದಿವೆ. ಇಂಡಿ ಕಡೆಯವರು ರೈಲು ಹತ್ತಿ ಸೊಲ್ಲಾಪುರಕ್ಕೆ ಹೋಗಿ ಚಾದರ ತರುತ್ತಾರೆ. ಮುದ್ದೇಬಿಹಾಳ ಕಡೆಯವರಿಗೆ ತಾಳಿಕೋಟೆ ಹತ್ತಿರ. ಉಳಿದವರೆಲ್ಲ ಬಾಗೇವಾಡಿಯ ಮೇಲೆ ಹಾಯ್ದು ಬಿಜಾಪುರ ಸೇರುತ್ತಾರೆ. 2014ರ ನವೆಂಬರ್ 1ರಿಂದ ಅದು ವಿಜಯಪುರ. ಬಸ್ಸಿನ ಬೋರ್ಡಿನ ಮೇಲೆ ವಿಜಯಪುರ ಎಂದು ಓದಿ, ಬಾಯಲ್ಲಿ ಬಿಜಾಪುರ ಎಂದು ಹೇಳಿ ನಾವು ಹತ್ತುತ್ತೇವೆ.

ಈಚೆಗೆ ನನ್ನ ಆಪಾರ ಮಗಳ ನಿಕಾಹ್ ನಿಶ್ಚಯವಾಯಿತು. ಸಂತಿಗೆ ನಾನೂ ಜೊತೆಗೆ ಹೋಗಿದ್ದೆ. ಹೋಗಿ ಬಂದ ಮೇಲೆ ನೆರೆಹೊರೆಯ ನಾಲ್ಕಾರು ಮನೆಯವರು “ಯಾವ ಓಣ್ಯಾಗ ಏನ ಸಿಗತೈತಿ, ಎಲ್ಲಿ ಮೋಸ ಆಗೂದಿಲ್ಲ?” ಎಂದು ಕೇಳಿದರು. ಒಬ್ಬೊಬ್ಬರಿಗೆ ಹೇಳುವ ಬದಲು ಇಲ್ಲಿ ಎಲ್ಲರಿಗೂ ಹೇಳಿಬಿಡೋಣವೆಂದು ಕುಳಿತಿದ್ದೇನೆ.

ಪ್ರವಾಸಿಗರ ಪುಸ್ತಕಗಳಲ್ಲಿ ಇಟಲಿಯ ಫ್ಲಾರೆನ್ಸ್, ವೆನಿಸ್ ನಗರಗಳಲ್ಲಿ ಏನನ್ನು ಎಲ್ಲಿ ಕೊಳ್ಳಬೇಕೆಂದು ಪುಟಗಟ್ಟಲೆ ಬರೆದಿರುವುದನ್ನು ನೀವು ನೋಡಿರಬಹುದು. ಫ್ಲಾರೆನ್ಸಿನಲ್ಲಿ ಪೊಂಟೆ ವೆಕಿಯೊ ಎಂಬ ಹಳೆಯ ಸೇತುವೆಯಿದೆ. ಅದರ ಎರಡೂ ಬದಿಗೆ ಅಂಗಡಿಗಳು. ಮೊದಲು ಅಲ್ಲಿ ಕಸಾಯಿಗಳಿದ್ದರು. ನಾತ ತಡೆಯಲಾರದೆ ಅಲ್ಲಿನ ದೊರೆ ಫರ್ಡಿನಾಂಡೊ 1593ರಲ್ಲಿ ಅವರನ್ನು ಎಬ್ಬಿಸಿ ಅಕ್ಕಸಾಲಿಗರನ್ನು ಕೂರಿಸಿದ. ಇವತ್ತಿಗೂ ಅಲ್ಲಿ ಬಂಗಾರದ ಅಂಗಡಿಗಳೇ ಇವೆ. ಜಗತ್ತಿನ ಎಲ್ಲ ಕಡೆಯ ಹೆಣ್ಣುಮಕ್ಕಳು ಅಲ್ಲಿಗೆ ಹೋಗಿ ಗಾಜಿಗೆ ಮುಖ ಹಚ್ಚಿ ನಿಲ್ಲುತ್ತಾರಂತೆ. ಒಳ್ಳೆಯದೇ. ಆದರೆ ಅದೇ ಕಾಲಕ್ಕೆ ನಮ್ಮ ಬಿಜಾಪುರದಲ್ಲಿ ಎರಡನೆಯ ಇಬ್ರಾಹೀಂ ಆದಿಲ್ ಶಾಹ್ (1580-1627) ಆಳುತ್ತಿದ್ದ ಮತ್ತು ಇಲ್ಲಿನ ಪೇಟೆ ಯಾವ ಇಟಲಿಗೂ ಕಡಿಮೆಯಿರಲಿಲ್ಲ ಎಂಬುದನ್ನು ನಮಗೆ ಹೇಳುವವರು ಕಡಿಮೆ.

ಅಕ್ಬರ್ ಬಾದಶಹ ತನ್ನ ಆಸ್ಥಾನದ ಅಸದ್ ಬೇಗ್ ಎಂಬವನನ್ನು ಬಿಜಾಪುರಕ್ಕೆ ರಾಯಭಾರಿಯಾಗಿ ಕಳಿಸಿದ್ದ. 1604ರ ಸುಮಾರಿಗೆ ಇಲ್ಲಿದ್ದ ಈತ ಕಂಡದ್ದನ್ನು ಬರೆದಿಟ್ಟಿದ್ದಾನೆ. ಪೇಟೆಯ ಬೀದಿ 30 ಗಜ ಅಗಲ, ಎರಡು ಕೋಸು ಉದ್ದವಿತ್ತಂತೆ. ಪ್ರತಿಯೊಂದು ಅಂಗಡಿಯ ಮುಂದೆ ಒಂದೊಂದು ಹಸಿರು ಮರ. ಬೀದಿಯೆಲ್ಲ ಗುಡಿಸಿ ಇಟ್ಟಂತೆ ಸ್ವಚ್ಛ. ಒಂದು ಕಡೆ ಬಟ್ಟೆ, ಮಗ್ಗುಲಲ್ಲಿ ರತ್ನ, ಅದರಾಚೆ ಆಯುಧ, ರೊಟ್ಟಿ, ಮೀನು, ಬೇಯಿಸಿದ ಅಡುಗೆ. ಬೇರೆ ಊರುಗಳಲ್ಲಿ ಕೇಳಿಯೂ ಅರಿಯದ ಸಾಮಾನುಗಳು ಇಲ್ಲಿದ್ದವೆಂದು ದಿಲ್ಲಿ-ಆಗ್ರಾ ಕಂಡವನೇ ಬರೆಯಬೇಕಾದರೆ ಯೋಚಿಸಿ ನೋಡಿ. ಮರಳಿ ಹೋಗುವಾಗ ಆತ ಇಲ್ಲಿಂದ ಒಯ್ದ ವಸ್ತುಗಳಲ್ಲಿ ಒಂದು ಹೊಗೆಸೊಪ್ಪು! ಅದು ಆಗಿನ್ನೂ ಮೊಗಲರಿಗೆ ಹೊಸದು. ಅಕ್ಬರ್ ಎರಡು ಸಲ ಸೇದಿ ನೋಡಿದ, ಹಕೀಮರು ಬೇಡವೆಂದು ತಡೆದರು. ಬಿಜಾಪುರದ ಸಂತಿಯಿಂದ ಒಯ್ದದ್ದೆಲ್ಲವೂ ಒಳ್ಳೆಯದೇ ಆಗಿರಲಿಲ್ಲ ಎಂಬುದಕ್ಕೆ ಇದೂ ಒಂದು ಸಾಕ್ಷಿ.

ಅದಕ್ಕೂ ನೂರು ವರ್ಷ ಮೊದಲು ಇಟಲಿಯವನೇ ಒಬ್ಬ ನಮ್ಮ ಕಡೆ ಬಂದಿದ್ದ. ಬೊಲೊನ್ಯಾ ಊರಿನ ಲುಡೊವಿಕೊ ಡಿ ವರ್ತೆಮಾ. ಅವನ ಪ್ರವಾಸದ ಪುಸ್ತಕ 1510ರಲ್ಲಿ ರೋಮಿನಲ್ಲಿ ಅಚ್ಚಾಯಿತು. ಅದರಲ್ಲಿ ‘ಡೆಕ್ಕನ್’ ಎಂದು ಅವನು ಕರೆದ ನಗರ ನಮ್ಮ ಬಿಜಾಪುರವೇ ಎಂದು ವಿದ್ವಾಂಸರು ಹೇಳುತ್ತಾರೆ. ಇಲ್ಲಿನ ಗಂಡಸರು ರೇಷ್ಮೆ ಉಡುತ್ತಾರೆ, ಹೆಂಗಸರು ಡಮಾಸ್ಕಸ್ಸಿನವರ ಹಾಗೆ ಮುಖ ಮುಚ್ಚಿಕೊಂಡು ಓಡಾಡುತ್ತಾರೆ ಎಂದು ಅವನು ಬರೆದಿದ್ದಾನೆ. ಇಟಲಿಯವರೇ ಬಂದು ನಮ್ಮ ಬಟ್ಟೆ ನೋಡಿ ಹೋದ ಕಾಲವಿತ್ತು ಎಂದು ನಾನು ಬಸ್ಸಿನಲ್ಲಿ ಹೇಳಿದರೆ ಆಪಾ ನಕ್ಕು, “ಅವರು ನೋಡಿ ಹೋಗಲಿ, ನಾವು ಇವತ್ತ ತಗೊಂಡು ಬರೂನು” ಎಂದರು.

ಬಸ್ಸಿನಿಂದ ಇಳಿಯುವ ಮುನ್ನ

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಕಲ್ಯಾಣ ಕರ್ನಾಟಕ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಖರ್ಚಿಲ್ಲ. ಮೊದಲು ಐದು ಜನ ಹೆಂಗಸರು ಸಂತಿಗೆ ಹೊರಡುವುದೆಂದರೆ ಮನೆಯ ಯಜಮಾನರು ಲೆಕ್ಕ ಹಾಕಿ “ಇಬ್ಬರು ಸಾಕು” ಅನ್ನುತ್ತಿದ್ದರು. ನಮ್ಮ ಸಂತಿಯಲ್ಲಿ ಮದುಮಗಳು, ಅವಳ ತಾಯಿ, ನಾನು, ಬೀಗರ ಮನೆಯ ಅತ್ತೆ ಹೀಗೆ ನಾಲ್ವರು ಹೆಂಗಸರು. ದುಡ್ಡು ಕೊಟ್ಟು ಟಿಕೆಟ್ ತೆಗೆದವರು ದುಲ್ಹಾಭಾಯಿ ಒಬ್ಬರೇ. ಆಧಾರ್ ಕಾರ್ಡು ಮಾತ್ರ ಪರ್ಸಿನ ಮೇಲಿನ ಖಾನೆಯಲ್ಲಿರಲಿ. ಬುರ್ಖಾದ ಒಳಗೆ, ಚೀಲದ ಒಳಗೆ, ಅದರೊಳಗಿನ ಪರ್ಸಿನಲ್ಲಿ ಹುಡುಕುತ್ತ ಕೂತರೆ ಕಂಡಕ್ಟರ್‌ಗೂ ಬೇಸರ, ನಿಮಗೂ ಮುಜುಗರ.

ಬಾಗೇವಾಡಿಯಿಂದ ಬಿಜಾಪುರ ಸುಮಾರು 43 ಕಿಲೋಮೀಟರ್. ಬೆಳಗಿನ ಮೊದಲ ಬಸ್ಸಿಗೆ ಹೊರಟರೆ ಅಂಗಡಿಗಳು ಬಾಗಿಲು ತೆರೆಯುವ ಮುನ್ನವೇ ತಲುಪುತ್ತೀರಿ. ಬೇಗ ಬಂದೆವಲ್ಲ ಎಂದು ಪೇಚಾಡಬೇಡಿ. ಆ ಹೊತ್ತಿಗೆ ಗೋಲ್ ಗುಂಬಜ್ ನೋಡಿ. 1656ರಲ್ಲಿ ಕಣ್ಣು ಮುಚ್ಚಿದ ಮುಹಮ್ಮದ್ ಆದಿಲ್ ಶಾಹನ ಸಮಾಧಿಯದು. ಮಧ್ಯಾಹ್ನವಾದರೆ ಮೇಲಿನ ಪಿಸುಮಾತಿನ ಗ್ಯಾಲರಿಯಲ್ಲಿ ಶಾಲೆಯ ಮಕ್ಕಳ ಕೂಗಾಟ ಬಿಟ್ಟರೆ ಬೇರೇನೂ ಕೇಳುವುದಿಲ್ಲ. ಬೆಳಗ್ಗೆಯಾದರೆ ಗೋಡೆಗೆ ಬಾಯಿ ಹಚ್ಚಿ ಮೆಲ್ಲಗೆ ಆಡಿದ ಮಾತು ಎದುರು ಬದಿಗೆ ನಿಂತವರಿಗೆ ಸ್ಪಷ್ಟವಾಗಿ ಕೇಳುತ್ತದೆ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಮೆಟ್ಟಿಲುಗಳು ಎತ್ತರ ಮತ್ತು ಕಡಿದು. ಮೊಣಕಾಲು ನೋವಿನವರು ಕೆಳಗೆ ಹುಲ್ಲಿನ ಮೇಲೆ ಕುಳಿತರೆ ಸಾಕು.

ಇನ್ನೊಂದು ಮಾತನ್ನು ಸಂಕೋಚ ಬಿಟ್ಟು ಹೇಳಬೇಕು. ಪೇಟೆಗೆ ಹೋದ ದಿನ ನಮ್ಮ ಹೆಂಗಸರು ನೀರು ಕುಡಿಯುವುದಿಲ್ಲ. ಯಾಕೆಂದು ಗಂಡಸರಿಗೆ ಗೊತ್ತಿಲ್ಲ, ಹೆಂಗಸರು ಹೇಳುವುದಿಲ್ಲ. ಎಪ್ರಿಲ್-ಮೇ ತಿಂಗಳ ಬಿಜಾಪುರದ ಬಿಸಿಲಿನಲ್ಲಿ ಎಂಟು ತಾಸು ಹೀಗೆ ಬಾಯಿ ಒಣಗಿಸಿಕೊಂಡು ತಿರುಗಿದರೆ ರಾತ್ರಿಗೆ ತಲೆನೋವು, ಮರುದಿನ ಉರಿಮೂತ್ರ ಖಂಡಿತ. ಬಸ್ ನಿಲ್ದಾಣದಲ್ಲಿ, ಗೋಲ್ ಗುಂಬಜ್ ಆವರಣದಲ್ಲಿ ಶೌಚಾಲಯವಿದೆ. ದೊಡ್ಡ ಬಟ್ಟೆ ಅಂಗಡಿಗಳಲ್ಲಿಯೂ ಇರುತ್ತದೆ, ಕೇಳಿದರೆ ತೋರಿಸುತ್ತಾರೆ. ಸಾವಿರಾರು ರೂಪಾಯಿಯ ವ್ಯಾಪಾರ ಮಾಡುವ ನೀವು ಇದನ್ನು ಕೇಳಲು ನಾಚಬೇಕಾಗಿಲ್ಲ.

ಗಾಂಧಿ ಚೌಕದಿಂದ ಸುರು

ಬಿಜಾಪುರದ ಸಂತಿಗೆ ಗಾಂಧಿ ಚೌಕವೇ ನಡುಬಿಂದು. ಅಲ್ಲಿಂದ ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರುಕಟ್ಟೆ ಹತ್ತಿರ. ಎಲ್ಲರ ಬಾಯಲ್ಲಿ ಅದು ಎಲ್‌ಬಿಎಸ್ ಮಾರ್ಕೆಟ್. ಸರಾಫ್ ಬಜಾರ್‌ಗೂ ಇಲ್ಲಿಂದ ನಡೆದೇ ಹೋಗಬಹುದು. ಒಂದು ಕಿವಿಮಾತು: ಮೊದಲ ಸುತ್ತಿನಲ್ಲಿ ಏನನ್ನೂ ಕೊಳ್ಳಬೇಡಿ. ಒಂದು ತಾಸು ಬರೇ ಕೇಳಿಕೊಂಡು ಬನ್ನಿ. “ಬರ್ರಿ ಅಕ್ಕಾರ, ಒಳಗ ಬರ್ರಿ, ನೋಡಾಕ ರೊಕ್ಕ ಇಲ್ಲ” ಎಂದು ಪ್ರತಿ ಬಾಗಿಲಲ್ಲೂ ಕರೆಯುತ್ತಾರೆ. ನೋಡಲು ರೊಕ್ಕವಿಲ್ಲ ನಿಜ. ಆದರೆ ಗಾದಿಯ ಮೇಲೆ ಕುಳಿತು ಚಹಾ ಕುಡಿದು ಇಪ್ಪತ್ತು ಸೀರೆ ಬಿಚ್ಚಿಸಿದ ಮೇಲೆ ಬರಿಗೈಯಲ್ಲಿ ಎದ್ದು ಬರಲು ನಮ್ಮಂಥವರಿಗೆ ಮನಸ್ಸು ಬರುವುದಿಲ್ಲ. ಅಂಗಡಿಯವರಿಗೆ ಇದು ಚೆನ್ನಾಗಿ ಗೊತ್ತು. ಆದ್ದರಿಂದ ಮೊದಲ ಸುತ್ತಿನಲ್ಲಿ ಕೂರಬೇಡಿ, ನಿಂತೇ ಕೇಳಿ.

ಮದುಮಗಳ ಶರಾರಾ, ಘಾಗ್ರಾಗಳಿಗೆ ಸಿದ್ಧ ಉಡುಪಿನ ಅಂಗಡಿಗಳು ಸಾಕಷ್ಟಿವೆ. ಅವುಗಳ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಎಲ್ಲವೂ ಸೂರತ್ತಿನಿಂದ ಬಂದ ಮಾಲು. ಸೊಲ್ಲಾಪುರದಲ್ಲಿ ಕೊಂಡರೂ ಒಂದೇ, ಹೈದರಾಬಾದಿನಲ್ಲಿ ಕೊಂಡರೂ ಒಂದೇ. ಒಂದು ದಿನ ಉಟ್ಟು ಪೆಟ್ಟಿಗೆಗೆ ಹಾಕುವ ಬಟ್ಟೆಗೆ ಎಷ್ಟು ಕೊಡಬೇಕೆಂದು ಮನೆಯಲ್ಲೇ ನಿಶ್ಚಯಿಸಿ ಹೊರಡಿ. ನಮ್ಮ ಹುಡುಗಿ ತನ್ನ ಗೆಳತಿಯದನ್ನು ಉಟ್ಟುಕೊಳ್ಳುತ್ತೇನೆಂದು ಮೊದಲೇ ಹೇಳಿಬಿಟ್ಟಿದ್ದಳು. ಅವಳ ತಾಯಿಗೆ ಅದು ಅಷ್ಟು ಸರಿ ಬಂದಿರಲಿಲ್ಲ.

ನಾನು ಹೇಳಬೇಕೆಂದಿರುವುದು ಇಳಕಲ್ ಸೀರೆಯ ಬಗ್ಗೆ. ಇದು ನಮ್ಮದೇ ನೆಲದ ಬಟ್ಟೆ. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಗುವವರೆಗೆ ಇಳಕಲ್ಲೂ, ಖಣಕ್ಕೆ ಹೆಸರಾದ ಗುಳೇದಗುಡ್ಡವೂ ಬಿಜಾಪುರ ಜಿಲ್ಲೆಯಲ್ಲೇ ಇದ್ದವು. ನಮ್ಮ ಅಜ್ಜಿಯರು, ಜಾತಿ ಧರ್ಮ ಯಾವುದೇ ಇರಲಿ, ಇಳಕಲ್ ಸೀರೆಯ ಸೆರಗನ್ನೇ ತಲೆಯ ಮೇಲೆ ಹೊದ್ದು ಹೊಲಕ್ಕೆ ಹೋದವರು. ಬೀಗತಿಗೆ ಇಳಕಲ್ ಸೀರೆ ಉಡಿಸುವ ಪದ್ಧತಿ ಈಗಲೂ ಹಲವು ಮನೆಗಳಲ್ಲಿದೆ.

ಹತ್ತು ವರ್ಷಗಳ ಹಿಂದೆ ನನಗೆ ಒಂದು ಪಾಠವಾಗಿತ್ತು. ಪೇಟೆಯ ಒಂದು ಅಂಗಡಿಯಲ್ಲಿ “ಅಸಲ್ ಇಳಕಲ್ಲ” ಎಂದು ಕೊಟ್ಟ ದಾಳಿಂಬೆ ಬಣ್ಣದ ಸೀರೆಯನ್ನು ಅತ್ತೆಯವರಿಗೆಂದು ತಂದಿದ್ದೆ. ಮೊದಲ ಒಗೆತಕ್ಕೇ ಬಕೆಟ್ಟಿನ ನೀರು ಕೆಂಪಾಯಿತು. ಜೊತೆಗೆ ಹಾಕಿದ್ದ ಮಾವನವರ ಬಿಳಿ ಕುರ್ತಾ ಗುಲಾಬಿ ಬಣ್ಣಕ್ಕೆ ತಿರುಗಿತು. ಅತ್ತೆ ಏನೂ ಅನ್ನಲಿಲ್ಲ. ಮಾವ ಆ ಕುರ್ತಾವನ್ನು ಒಂದು ವರ್ಷ ಮನೆಯಲ್ಲಿ ತೊಟ್ಟರು. ಅದನ್ನು ನೋಡಿದಾಗಲೆಲ್ಲ ನನಗೆ ಮುಖ ಎತ್ತಲಾಗುತ್ತಿರಲಿಲ್ಲ. ಆಮೇಲೆ ಇಳಕಲ್ಲಿನ ನೇಕಾರ ಮನೆಯೊಂದರಲ್ಲಿ ಕುಳಿತು ಕೇಳಿ ತಿಳಿದದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಕೈಮಗ್ಗದ ಇಳಕಲ್ ಸೀರೆಯಲ್ಲಿ ಮೈಯ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಮೈ ಹತ್ತಿಯದಾಗಿದ್ದರೂ ಸೆರಗಿಗೆ ರೇಷ್ಮೆ ಇಲ್ಲವೆ ಆರ್ಟ್ ಸಿಲ್ಕ್ ಹಾಸು. ಈ ಎರಡನ್ನೂ ಒಂದೊಂದೇ ಎಳೆಯಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ಆಮೇಲೆ ಮಗ್ಗದಲ್ಲಿ ಸೆರಗು ನೇಯುತ್ತಾರೆ. ಕೆಂಪು ಸೆರಗಿನಲ್ಲಿ ಬಿಳಿ ಗೋಪುರಗಳ ಸಾಲು ಏಳುತ್ತದಲ್ಲ, ಅದೇ ತೋಪ ತೆನಿ. ಆದ್ದರಿಂದ ಸೀರೆ ಕೊಳ್ಳುವಾಗ ಮೈ ಮುಗಿದು ಸೆರಗು ಸುರುವಾಗುವ ಜಾಗವನ್ನು ತಿರುವಿ ನೋಡಿ. ಬೆರಳಾಡಿಸಿದರೆ ಸಣ್ಣ ಸಣ್ಣ ಕೊಂಡಿಗಳ ಸಾಲು ಕೈಗೆ ಹತ್ತಬೇಕು. ಪವರ್‌ಲೂಮಿನ ನಕಲಿನಲ್ಲಿ ಈ ಜೋಡಣೆ ಇರುವುದಿಲ್ಲ, ಹಾಸು ಒಂದೇ ಸಮ ಓಡುತ್ತದೆ. ಇನ್ನು ಸೆರಗಿನ ವಿನ್ಯಾಸ ಹಿಂಬದಿಯಲ್ಲಿ ಮಸುಕಾಗಿದ್ದರೆ ಅದು ಮುದ್ರಣ ಹಾಕಿದ್ದು.

ಬಣ್ಣದ ಪರೀಕ್ಷೆಗೆ ಬಿಳಿ ಕರವಸ್ತ್ರದ ತುದಿಯನ್ನು ನೆನೆಸಿ ಸೀರೆಯ ಒಳಮೂಲೆಗೆ ತಿಕ್ಕಿ. ನಾನು ಕೈಚೀಲದಲ್ಲಿ ಇದಕ್ಕೆಂದೇ ಒಂದು ಕರವಸ್ತ್ರ ಒಯ್ಯುತ್ತೇನೆ. ಪ್ರಾಮಾಣಿಕ ಅಂಗಡಿಯವರು ತಡೆಯುವುದಿಲ್ಲ. ನೂಲು ಹತ್ತಿಯದೋ ಅಲ್ಲವೋ ಎಂಬ ಸಂಶಯವಿದ್ದರೆ ಅಂಚಿನ ಒಂದೆರಡು ಎಳೆ ಕೇಳಿ ತೆಗೆದುಕೊಂಡು ಹೊರಗೆ ಬಂದು ಕಡ್ಡಿ ಗೀರಿ. ಹತ್ತಿ ಕಾಗದದ ಹಾಗೆ ಉರಿದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. 2006ರಲ್ಲಿ ಸರಕಾರ ತಂದ ಕೈಮಗ್ಗದ ಗುರುತಿನ ಚೀಟಿ, ಅಂದರೆ ಹ್ಯಾಂಡ್‌ಲೂಮ್ ಮಾರ್ಕ್ ಇದ್ದರೆ ಇನ್ನೂ ಒಳ್ಳೆಯದು.

ಹಾಗೆಂದು ಪವರ್‌ಲೂಮಿನ ಸೀರೆ ಕೊಳ್ಳುವುದು ತಪ್ಪೆಂದು ನಾನು ಹೇಳುತ್ತಿಲ್ಲ. ನಾಲ್ಕು ನೂರು ರೂಪಾಯಿಯ ಸೀರೆಯನ್ನು ನಾಲ್ಕು ನೂರಕ್ಕೆ ಕೊಂಡರೆ ಮೋಸವಿಲ್ಲ. ಅದನ್ನು ಕೈಮಗ್ಗದ್ದೆಂದು ಎರಡು ಸಾವಿರಕ್ಕೆ ಮಾರಿದರೆ ಎರಡು ಮನೆಗಳಿಗೆ ಮೋಸ. ಒಂದು ನಿಮ್ಮದು, ಇನ್ನೊಂದು ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ದಿನವಿಡೀ ಕೂರುವ ನೇಕಾರರದು. ಆಪಾ ಬೀಗತಿಗೆ ಒಂದೇ ಒಂದು ಕೈಮಗ್ಗದ ಸೀರೆ ಕೊಂಡರು. ಉಳಿದ ನಾಲ್ಕು ಕೊಡುವ ಸೀರೆಗಳು ಯಂತ್ರದವೇ. ಬೀಗತಿ ಪಕ್ಕದಲ್ಲೇ ಇದ್ದರಲ್ಲ, ತಾವೇ ಸೆರಗು ತಿರುವಿ ಕೊಂಡಿ ಮುಟ್ಟಿ ನೋಡಿ ಆರಿಸಿಕೊಂಡರು. ಕೊಡುವವರೂ ಪಡೆಯುವವರೂ ಒಟ್ಟಿಗೆ ಸಂತಿಗೆ ಹೋದರೆ ಆಮೇಲೆ “ಎಂಥಾ ಸೀರಿ ಕೊಟ್ಟಾರ ನೋಡು” ಎಂಬ ಮಾತೇ ಬರುವುದಿಲ್ಲ.

ಸರಾಫ್ ಬಜಾರ್

ಬಟ್ಟೆ ಅಂಗಡಿಯಿಂದ ಸರಾಫ್ ಬಜಾರ್‌ಗೆ ಹೆಚ್ಚು ಹೆಜ್ಜೆಗಳಿಲ್ಲ. ಆದರೆ ಅಲ್ಲಿಗೆ ಹೋಗುವಾಗ ಎಲ್ಲರ ಮಾತು ಕಡಿಮೆಯಾಯಿತು. 2000ದಲ್ಲಿ 10 ಗ್ರಾಂ ಬಂಗಾರಕ್ಕೆ ನಾಲ್ಕೂವರೆ ಸಾವಿರ ರೂಪಾಯಿಯ ಆಸುಪಾಸು ಇತ್ತು. ಆಪಾರ ಮದುವೆ ಆ ಕಾಲದ್ದೇ. 2025ರಲ್ಲಿ ಅದು ಒಂದು ಲಕ್ಷ ರೂಪಾಯಿ ದಾಟಿತು. ದುಲ್ಹಾಭಾಯಿ ತೊಗರಿ ಮಾರಿ ಬಂದದ್ದರಲ್ಲಿ ಬಟ್ಟೆ, ಭಾಂಡೆ, ಹಾಸಿಗೆ ಎಲ್ಲ ಸೇರಿ ಸಂತಿಗೆಂದು ಎತ್ತಿಟ್ಟದ್ದು 60 ಸಾವಿರ. ಬಂಗಾರ ವರನ ಕಡೆಯಿಂದ ಮಹ್ರ್ ರೂಪದಲ್ಲಿ ಬರುವುದಿತ್ತು, ಅರ್ಧ ತೊಲಿಯ ಝುಮಕಿ.

ತೊಲಿ ಎಂದೆನಲ್ಲ, ಇಲ್ಲಿ ಒಂದು ಗೊಂದಲವಿದೆ. ಹಳೆಯ ತೊಲಿ 11.66 ಗ್ರಾಂ. ಈಗಿನ ಅಂಗಡಿಗಳಲ್ಲಿ ತೊಲಿ ಅಂದರೆ 10 ಗ್ರಾಂ. ಹಿರಿಯರು ಮಹ್ರ್ ಅಥವಾ ಉಡುಗೊರೆಯ ಮಾತುಕತೆಯಲ್ಲಿ ‘ಒಂದು ತೊಲಿ’ ಎಂದು ಒಪ್ಪಿ, ಆಮೇಲೆ ಯಾವ ತೊಲಿ ಎಂದು ಜಗಳವಾದದ್ದನ್ನು ನಾನು ಕಂಡಿದ್ದೇನೆ. ಗ್ರಾಂ ಲೆಕ್ಕದಲ್ಲೇ ಮಾತಾಡಿ, ಗ್ರಾಂ ಲೆಕ್ಕದಲ್ಲೇ ಬರೆಸಿ.

ಹಾಲ್‌ಮಾರ್ಕ್ ಇಲ್ಲದ ಬಂಗಾರವನ್ನು ‘ನಮ್ಮ ಪರಿಚಯದವರು’ ಎಂಬ ಕಾರಣಕ್ಕೆ ಕೊಳ್ಳಬೇಡಿ. ಹಾಲ್‌ಮಾರ್ಕ್ ಕಡ್ಡಾಯ 2021ರ ಜೂನ್‌ನಿಂದ ಹಂತಹಂತವಾಗಿ ಜಾರಿಗೆ ಬಂತು. 2023ರ ಎಪ್ರಿಲ್ 1ರಿಂದ ಪ್ರತಿ ಒಡವೆಯ ಮೇಲೂ ಅಕ್ಷರ-ಅಂಕಿ ಸೇರಿದ ಆರು ಸ್ಥಾನಗಳ ಗುರುತಿನ ಸಂಖ್ಯೆ ಇರಬೇಕು. ಜೊತೆಗೆ ಬಿಐಎಸ್‌ನ ತ್ರಿಕೋನ ಚಿಹ್ನೆ ಮತ್ತು ಶುದ್ಧತೆ. 22 ಕ್ಯಾರೆಟ್ ಎಂದರೆ 916, ಅಂದರೆ ಸಾವಿರದಲ್ಲಿ 916 ಪಾಲು ಬಂಗಾರ. ಗುರುತು ತುಂಬಾ ಸಣ್ಣದು. ಅಂಗಡಿಯವರ ಬಳಿ ಭೂತಗನ್ನಡಿ ಇರುತ್ತದೆ, ಕೇಳಿ ನೋಡಿ. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಹಾಕಿದರೆ ಒಡವೆ ಯಾವ ಬಗೆಯದು, ಎಷ್ಟು ಶುದ್ಧ ಎಂಬುದು ಬರುತ್ತದೆ. ನಮ್ಮ ಹುಡುಗಿ ಅಲ್ಲೇ ಗಾದಿಯ ಮೇಲೆ ಕುಳಿತು ಹಾಕಿ ನೋಡಿದಳು. ಅಂಗಡಿಯ ಹಿರಿಯರು ಸಿಟ್ಟಾಗಲಿಲ್ಲ, “ಬೇಶ್ ಮಾಡಿದಿ ಬೇಟಿ, ನೋಡಿ ತಗೋಬೇಕು” ಎಂದರು.

ದರ ಕೇಳುವಾಗ ಬರೇ ಗ್ರಾಂ ದರ ಕೇಳಿದರೆ ಸಾಲದು. ಮಜೂರಿ ಎಷ್ಟು, ವೇಸ್ಟೇಜ್ ಎಷ್ಟು, ಅದರ ಮೇಲೆ ಶೇಕಡಾ 3ರ ಜಿಎಸ್‌ಟಿ ಎಷ್ಟು ಎಂದು ಬಿಡಿಸಿ ಕೇಳಿ. ಒಂದು ಅಂಗಡಿಯಲ್ಲಿ ಗ್ರಾಂ ದರ ಕಡಿಮೆಯಿದ್ದು ಮಜೂರಿಯಲ್ಲಿ ಎಳೆದುಕೊಂಡಿರುತ್ತಾರೆ. ಕಲ್ಲು ಕೂರಿಸಿದ ಒಡವೆಯಾದರೆ ಕಲ್ಲಿನ ತೂಕವನ್ನು ಕಳೆದು ಬಂಗಾರದ ತೂಕ ಬೇರೆ ಬರೆಸಿ. ಕರಿಮಣಿಯ ಲಚ್ಛಾ ಕೊಳ್ಳುವವರಂತೂ ಇದನ್ನು ಮರೆಯಲೇಬಾರದು. ಅದರಲ್ಲಿ ಮಣಿಯದೇ ಭಾರ, ಬಂಗಾರ ಅಲ್ಲೊಂದು ಇಲ್ಲೊಂದು.

ಅಂಗಡಿಯವರು ಬಿಲ್ಲು ಬರೆಯುವಾಗ “ಯಾರ ಹೆಸರಿಗೆ?” ಎಂದರು. ರೂಢಿಯಂತೆ ವರನ ತಾಯಿ ತಮ್ಮ ಮಗನ ಹೆಸರು ಹೇಳಲು ಬಾಯಿ ತೆರೆದರು. ಮರುಕ್ಷಣ ತಾವೇ ತಡೆದು, “ಮಹ್ರ್ ಅಕೀದು. ಅಕೀ ಹೆಸರಿಗೇ ಬರೀರಿ” ಎಂದರು. ಈ ಒಂದು ಮಾತಿಗೆ ನಾನು ಆ ತಾಯಿಗೆ ಮನಸ್ಸಿನಲ್ಲೇ ಸಲಾಂ ಹೇಳಿದೆ. ಮಹ್ರ್ ವಧುವಿನ ಹಕ್ಕೆಂದು ನಾವೆಲ್ಲ ಬಾಯಲ್ಲಿ ಹೇಳುತ್ತೇವೆ. ಬಿಲ್ಲಿನ ಮೇಲೆ ಮಾತ್ರ ಗಂಡಿನ ಹೆಸರು ಇರುತ್ತದೆ. ನಾಳೆ ಒಡವೆ ಅಡವಿಡುವ ಪ್ರಸಂಗ ಬಂದಾಗಲೋ, ದೇವರು ಮಾಡದಿರಲಿ, ಸಂಬಂಧ ಮುರಿದಾಗಲೋ ಆ ಕಾಗದ ಬೇಕಾಗುತ್ತದೆ. ವಧುವಿನ ಹೆಸರಿನ ಬಿಲ್ಲನ್ನು ವಧುವಿನ ಕೈಗೇ ಕೊಡಿ.

ಕೆಲಸ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆಪಾ ಏಳಲಿಲ್ಲ. ಗಾಜಿನ ಕೆಳಗಿದ್ದ ಒಂದು ಸರವನ್ನು ನೋಡುತ್ತ ಕುಳಿತರು. “ತವರಿನಿಂದ ಬರಿಗೊರಳಲ್ಲಿ ಹೆಂಗ ಕಳಸಲಿ? ಓಣ್ಯಾಗಿನವರು ಏನಂದಾರು?” ಎಂದು ನನ್ನ ಕಿವಿಯಲ್ಲಿ ಹೇಳಿದರು. ಹಾಗೆ ಕುಳಿತವರನ್ನು ಅಂಗಡಿಗಳು ಬಿಡುವುದಿಲ್ಲ. ಮುಂಗಡ ಕೊಟ್ಟು ಉಳಿದದ್ದನ್ನು ಕಂತಿನಲ್ಲಿ ತೀರಿಸಿರಿ, ಬೇಕಾದರೆ ಸಾಲದ ವ್ಯವಸ್ಥೆಯನ್ನೂ ಮಾಡಿಸುತ್ತೇವೆ ಎಂಬ ಮಾತು ಬಂತು. ದುಲ್ಹಾಭಾಯಿ ಟೋಪಿ ತೆಗೆದು ತಲೆ ಸವರಿಕೊಂಡರು. ಅವರು ಇಲ್ಲ ಎನ್ನಲಾರರು, ಹೂಂ ಎನ್ನಲೂ ಆರರು. ಮಳೆಯನ್ನು ನಂಬಿದ ಎಂಟು ಎಕರೆಯ ಒಣಬೇಸಾಯದವರು ಪ್ರತಿ ತಿಂಗಳ ಕಂತನ್ನು ಎಲ್ಲಿಂದ ತರುತ್ತಾರೆ? ತೊಗರಿ ವರ್ಷಕ್ಕೊಮ್ಮೆ ಬರುತ್ತದೆ, ಬಡ್ಡಿ ತಿಂಗಳು ತಿಂಗಳು ಬರುತ್ತದೆ. ಬಡ್ಡಿಯ ಬಗ್ಗೆ ನಮಗಿರುವ ತಡೆ ಬೇರೆಯೇ ಮಾತು.

ಹುಡುಗಿ ಮೊಬೈಲಿನಿಂದ ತಲೆ ಎತ್ತಿದಳು. “ಅಮ್ಮೀ, ಬಂಗಾರ ನನ್ನ ಕೊರಳಾಗ ಇರತೈತಿ, ಸಾಲ ಅಬ್ಬಾನ ಕೊರಳಾಗ ಇರತೈತಿ. ನನಗ ಬ್ಯಾಡ” ಎಂದಳು. ದನಿ ಏರಿಸಲಿಲ್ಲ. ಬೀಗತಿಯ ಮುಂದೆ, ಅಂಗಡಿಯವರ ಮುಂದೆ ಅಷ್ಟು ಹೇಳಿ ಮತ್ತೆ ತಲೆ ತಗ್ಗಿಸಿದಳು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಬೀಗತಿ ಆಪಾರ ಕೈ ಹಿಡಿದು ಎಬ್ಬಿಸಿದರು. “ನಾವೇನು ಕೇಳೇವ್ರಿ? ನಡೀರಿ, ಭಾಂಡೆ ನೋಡೋಣ” ಎಂದರು. ಹೊರಗೆ ಬಂದ ಮೇಲೆ ಆಪಾ ಸೆರಗಿನಿಂದ ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ. ಅದು ದುಃಖಕ್ಕೋ ಹಗುರಾದುದಕ್ಕೋ ಎಂದು ಕೇಳಲಿಲ್ಲ.

ನೂರೈವತ್ತು ರೂಪಾಯಿಯ ತೋಪು

ಭಾಂಡೆಯ ವಿಷಯ ಬೇಗ ಮುಗಿಸುತ್ತೇನೆ. ಸ್ಟೀಲನ್ನು ತೂಕದ ಲೆಕ್ಕದಲ್ಲಿ ಕೊಡುತ್ತಾರೆ. ಅಯಸ್ಕಾಂತ ಅಂಟಿದರೆ ಅಗ್ಗದ ಜಾತಿಯ ಸ್ಟೀಲ್ ಇರುವ ಸಾಧ್ಯತೆ ಹೆಚ್ಚು. ದೊಡ್ಡ ಪಾತ್ರೆಯ ತಳವನ್ನು ಬೆರಳಿನಿಂದ ಒತ್ತಿ ನೋಡಿ, ಒಳಕ್ಕೆ ಬಗ್ಗಿದರೆ ಬಿಡಿ. ದೇಗ್, ದೊಡ್ಡ ತಪ್ಪಲೆಗಳನ್ನು ಕೊಳ್ಳಲೇಬೇಡಿ. ಮದುವೆಯ ದಿನಕ್ಕೆ ಬಾಡಿಗೆಗೆ ಸಿಗುತ್ತವೆ.

ನಡುವೆ ಊಟದ ಹೊತ್ತಿಗೆ ದುಲ್ಹಾಭಾಯಿಯ ಮುಖ ಸ್ವಲ್ಪ ಗೆಲುವಾಗಲೆಂದು ನಾನೊಂದು ಕಥೆ ಹೇಳಿದೆ. ಕಥೆಯಲ್ಲ, ನಡೆದದ್ದು. ಬಿಜಾಪುರದ ಕೋಟೆಯ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು ಇದೆಯಲ್ಲ, 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು, 55 ಟನ್ ತೂಕದ್ದೆಂದು ಹೇಳುತ್ತಾರೆ. 1686ರಲ್ಲಿ ಔರಂಗಜೇಬನ ಕೈಗೆ ಬಿದ್ದ ಮೇಲೆ ಬಿಜಾಪುರದ ಪೇಟೆ ಕ್ರಮೇಣ ಬರಿದಾಯಿತು. ಅಸದ್ ಬೇಗ್ ಕಂಡ ಹಸಿರು ಮರಗಳ ಬೀದಿಯಲ್ಲಿ ಮುಳ್ಳುಕಂಟಿ ಬೆಳೆಯಿತು. ಕೊನೆಗೆ ಇಂಗ್ಲಿಷರ ಕಾಲದಲ್ಲಿ, 1854ರಲ್ಲಿ, ಬಿಜಾಪುರದಲ್ಲಿ ಬಿದ್ದಿರುವ ‘ಉಪಯೋಗವಿಲ್ಲದ ಸಾಮಾನು’ಗಳನ್ನೆಲ್ಲ ಹರಾಜು ಹಾಕಲು ಹುಕುಂ ಬಂತು. ಈ ತೋಪಿಗೆ ಬಂದ ಅತಿ ಹೆಚ್ಚಿನ ಸವಾಲು ಎಷ್ಟು ಗೊತ್ತೆ? 150 ರೂಪಾಯಿ! ಬೆಲೆ ಬಹಳ ಕಡಿಮೆಯಾಯಿತೆಂದೂ, ಜನರಿಗೆ ತೋಪಿನ ಮೇಲೆ ಭಕ್ತಿಯಿದೆಯೆಂದೂ ಮಾರಾಟವನ್ನು ನಿಲ್ಲಿಸಿದರು. ಇಲ್ಲವಾದರೆ ಅದೂ ಎಲ್ಲೋ ಕರಗಿ ಭಾಂಡೆಯಾಗಿ ನಮ್ಮ ಕೈಗೇ ಬರುತ್ತಿತ್ತು. ದುಲ್ಹಾಭಾಯಿ ನಕ್ಕರು. “ಆಗ ನಮ್ಮಜ್ಜ ಇದ್ದಿದ್ದರ ನೂರಾ ಐವತ್ತೊಂದ ಅಂತಿದ್ದ” ಎಂದರು.

1885ರಲ್ಲಿ ಜಿಲ್ಲಾ ಕಚೇರಿ ಕಲಾದಗಿಯಿಂದ ಬಿಜಾಪುರಕ್ಕೆ ಬಂತು. ರೈಲೂ ಬಂತು. ಪಾಳುಬಿದ್ದ ಪೇಟೆ ಮತ್ತೆ ತುಂಬತೊಡಗಿತು. ನಾವು ಈಗ ತಿರುಗಾಡುವ ಪೇಟೆ ಹೀಗೆ ಎರಡನೆಯ ಸಲ ಹುಟ್ಟಿದ್ದು.

ತಿನ್ನುವ ಸಾಮಾನನ್ನು ಕೊನೆಗೆ ಕೊಳ್ಳಿ, ಹೊರುವ ಭಾರ ಕಡಿಮೆಯಾಗುತ್ತದೆ. ಲಿಂಬೆಯನ್ನು ಇಲ್ಲಿ ಕೊಳ್ಳುವ ಅಗತ್ಯವಿಲ್ಲ. ಭೌಗೋಳಿಕ ಗುರುತು ಪಡೆದ ಇಂಡಿ ಲಿಂಬೆ ನಮ್ಮ ಸೀಮೆಯದೇ, ಇಂಡಿ ಕಡೆಯ ನೆಂಟರಿಗೆ ಹೇಳಿದರೆ ಚೀಲ ಕಳಿಸುತ್ತಾರೆ. ಆದರೆ ಒಣದ್ರಾಕ್ಷಿಯನ್ನು ಬಿಜಾಪುರದಲ್ಲೇ ಕೊಳ್ಳಿ. ತಿಕೋಟಾ ಕಡೆಯ ಶೆಡ್ಡುಗಳಲ್ಲಿ ಒಣಗಿಸಿದ್ದು, ಎಪಿಎಂಸಿಯಲ್ಲಿ ಹರಾಜಾಗಿ ಅಂಗಡಿಗೆ ಬರುತ್ತದೆ. ನಾಲ್ಕು ಕಿಲೋ ಹಸಿ ದ್ರಾಕ್ಷಿ ಒಣಗಿದರೆ ಒಂದು ಕಿಲೋ ಆಗುತ್ತದೆ. ಬೇಗ ಒಣಗಲೆಂದು ಡಿಪ್ಪಿಂಗ್ ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ, ನೆರಳಿನಲ್ಲಿ ಬಲೆಗಳ ಮೇಲೆ ಹರಡುತ್ತಾರೆ. ಬಂಗಾರದ ಬಣ್ಣದಲ್ಲಿ ಹೊಳೆಯುವುದಕ್ಕೆ ಗಂಧಕದ ಹೊಗೆ ಹಿಡಿಸಿರುತ್ತಾರೆ. ನೋಟಕ್ಕೆ ಚೆಂದ, ಆದರೆ ದಮ್ಮಿನವರಿಗೆ ಗಂಧಕ ಆಗಿಬರುವುದಿಲ್ಲ. ನಾವು ಖೀರಿಗೆ ಹಾಕಲು ಕಂದು ಬಣ್ಣದ್ದನ್ನೇ ಎರಡು ಕಿಲೋ ತಂದೆವು. ಯಾವುದನ್ನೇ ತಂದರೂ ಬಿಸಿನೀರಿನಲ್ಲಿ ಎರಡು ಸಲ ತೊಳೆದು ಬಳಸಿ.

ಅಸರ್ ನಮಾಝಿನ ಹೊತ್ತಿಗೆ ಕೈಗಳು ತುಂಬಿದ್ದವು. 60 ಸಾವಿರದಲ್ಲಿ 7 ಸಾವಿರ ಉಳಿದಿತ್ತು. ದುಲ್ಹಾಭಾಯಿ ಅದನ್ನು ಎಣಿಸಿ ಮಗಳ ಕೈಗೆ ಕೊಟ್ಟರು. ಅವಳು ಅದನ್ನು ಝುಮಕಿಯ ಬಿಲ್ಲಿನ ಜೊತೆ ಮಡಚಿ ಇಟ್ಟುಕೊಂಡಳು.

ಮರಳುವ ಬಸ್ಸಿನಲ್ಲಿ ಸೀಟು ಬೇಕಾದರೆ ಸಂಜೆ ಐದರ ಮೊದಲೇ ನಿಲ್ದಾಣ ಸೇರಿ. ಆಮೇಲೆ ಕಾಲೇಜು, ಕಚೇರಿ ಬಿಟ್ಟವರ ನೂಕುನುಗ್ಗಲು. ಗಂಟುಗಳನ್ನು ಹತ್ತುವಾಗ ಎಣಿಸಿ, ಬಾಗೇವಾಡಿಯಲ್ಲಿ ಬಸ್ಸು ಬದಲಿಸುವಾಗ ಇನ್ನೊಮ್ಮೆ ಎಣಿಸಿ. ನಮ್ಮವು ಹನ್ನೊಂದಿದ್ದವು. ಬಾಗೇವಾಡಿಯಲ್ಲಿ ಹತ್ತಾದವು. ಬೀಗತಿಯ ಇಳಕಲ್ ಸೀರೆಯ ಚೀಲವೇ ಕಾಣಲಿಲ್ಲ. ಎಲ್ಲರ ಎದೆ ಧಸಕ್ಕೆಂದಿತು. ಹುಡುಕಿದರೆ ಅದು ಬೀಗತಿಯ ಬುರ್ಖಾದ ಒಳಗೆ ಭದ್ರವಾಗಿ ಕಂಕುಳಲ್ಲಿತ್ತು. ಬಿಜಾಪುರದಲ್ಲಿ ಬಸ್ಸು ಹತ್ತಿದಾಗಿನಿಂದ ಅವರು ಅದನ್ನು ಕೆಳಗಿಟ್ಟಿರಲೇ ಇಲ್ಲ.